ಕೈ ಡ್ರಿಲ್ ಸ್ಪಿಂಡಲ್ ಆಗುತ್ತದೆಯೇ? ಒಂದು ಸ್ಪಷ್ಟನೆ

"ಮನೆಯಲ್ಲೇ ಕಟ್ಟಿದ ಸಿಎನ್‌ಸಿಗೆ ಸ್ಪಿಂಡಲ್ ಕೊಳ್ಳೋದು ದಂಡ, ಹಳೇ ಡ್ರಿಲ್ ಕಟ್ಟಿದರೆ ಸಾಕು" ಎಂಬ ಮಾತು ಹವ್ಯಾಸಿಗಳ ನಡುವೆ ಓಡಾಡುತ್ತಿದೆ. ಸಿಎನ್‌ಸಿ ಎಂದರೆ ಕಂಪ್ಯೂಟರ್ ಹೇಳಿದಂತೆ ಕೆತ್ತುವ ಯಂತ್ರ; ಅದರಲ್ಲಿ ಕೊಯ್ಯುವ ಬಿಟ್ ಹಿಡಿದು ತಿರುಗಿಸುವ ಮೋಟಾರೇ ಸ್ಪಿಂಡಲ್. ಆ ಮಾತು ಅರ್ಧ ಸತ್ಯ. ತೂತು ಕೊರೆಯಲು ಡ್ರಿಲ್ ಸಾಕು, ಮರ ಕೆತ್ತಲು ಸಾಲದು.

ಡ್ರಿಲ್ ಇರುವುದೇ ನೇರವಾಗಿ ಒತ್ತಲು. ಕೆತ್ತುವಾಗ ಬಿಟ್ ಮರದೊಳಗೆ ಪಕ್ಕಕ್ಕೆ ಸರಿಯಬೇಕು. ಆ ಅಡ್ಡ ಒತ್ತಡಕ್ಕೆ ಬೇರಿಂಗ್ ಸಡಿಲವಾಗುತ್ತದೆ, ಬಿಟ್ ಹಿಡಿಯುವ ಚಕ್ ಅದುರುತ್ತದೆ, ಬಿಟ್ ಜಾರಿ ಕೆಳಗಿಳಿಯುವುದೂ ಉಂಟು.

ವೇಗದ ಲೆಕ್ಕವೂ ಇದೆ. ಸಾಮಾನ್ಯ ಡ್ರಿಲ್ ನಿಮಿಷಕ್ಕೆ ಸುಮಾರು 3,000 ಸುತ್ತು ತಿರುಗುತ್ತದೆ. ಎರಡು ಹಲ್ಲಿನ ಬಿಟ್ಟಿನ ಒಂದೊಂದು ಹಲ್ಲೂ ಪ್ರತಿ ಸುತ್ತಿಗೆ 0.05 ಮಿ.ಮೀ. ಕೊಯ್ಯಬೇಕೆಂದರೆ ನಿಮಿಷಕ್ಕೆ 300 ಮಿ.ಮೀ. ಮಾತ್ರ ಸಾಗಬಹುದು. ಸ್ಪಿಂಡಲ್ಲಿನ 18,000 ಸುತ್ತಿನಲ್ಲಾದರೆ 1,800 ಮಿ.ಮೀ. ಹತ್ತು ನಿಮಿಷದ ಕೆಲಸ ಒಂದು ಗಂಟೆ ಹಿಡಿಯುತ್ತೆ, ಅಲ್ವಾ?

ದುಡ್ಡು ಉಳಿಸಬೇಕಿದ್ದರೆ ಬಡಗಿಗಳು ಅಂಚು ತೀಡಲು ಬಳಸುವ ಟ್ರಿಮ್ಮರ್ ನೋಡಿ. ಅಡ್ಡ ಒತ್ತಡ ತಡೆಯಲೆಂದೇ ಮಾಡಿದ್ದು, ಬಿಟ್ಟನ್ನು ಸುತ್ತಲೂ ಬಿಗಿಯಾಗಿ ಹಿಡಿಯುವ ಕಾಲೆಟ್ ಇರುತ್ತದೆ, ದುಂಡು ಮೈ ಕ್ಲಾಂಪಿಗೆ ಸುಲಭ. ಸದ್ದು ಮಾತ್ರ ಜಾಸ್ತಿ.

ಆಂಗಲ್ ಗ್ರೈಂಡರ್‌ಗೆ ಹಲ್ಲಿನ ಬ್ಲೇಡ್ ಹಾಕಿ ಕಟ್ಟುವ ಸಲಹೆಯಂತೂ ಬೇಡವೇ ಬೇಡ. 11,000 ಸುತ್ತಿನಲ್ಲಿ 100 ಮಿ.ಮೀ. ಬ್ಲೇಡಿನ ಅಂಚು ಗಂಟೆಗೆ 200 ಕಿ.ಮೀ. ದಾಟಿ ಓಡುತ್ತದೆ. ಅದು ಮರದಲ್ಲಿ ಸಿಕ್ಕಿಕೊಂಡರೆ, ಯಂತ್ರವನ್ನು ಸರಿಸುವ ಸಾದಾ ಸ್ಟೆಪರ್ ಮೋಟಾರಿಗೆ ಗೊತ್ತೇ ಆಗುವುದಿಲ್ಲ. ಸುಮ್ನೆ ತಳ್ಳುತ್ತಲೇ ಇರುತ್ತದೆ.