ಚಿಲಕಕ್ಕೆ ಎಷ್ಟನೇ ವಿಧಿ?

ವಿಶ್ವಸಂಸ್ಥೆಗೂ ನಮ್ಮೂರ ಶಾಲೆಯ ಶೌಚಾಲಯದ ಬಾಗಿಲಿಗೂ ಏನು ಸಂಬಂಧ ಅಂತ ನನಗೂ ಗೊತ್ತಿರಲಿಲ್ಲ. ಹೋದ ವರ್ಷ ನವೆಂಬರ್‌ನಲ್ಲಿ ಗೊತ್ತಾಯಿತು.

ನಮ್ಮದು ಶಿಡ್ಲಘಟ್ಟದ ಕಡೆಯ ಒಂದು ಊರು. ಮಕ್ಕಳ ಗ್ರಾಮಸಭೆಗೆ ಮುಂಚೆ ನಮಗೆಲ್ಲ ತರಬೇತಿ ಇತ್ತು. ಫ್ಲೆಕ್ಸ್ ಮೇಲೆ ಹೆಸರೇ ಮೂರು ಸಾಲು: 'ಮಕ್ಕಳ ಹಕ್ಕುಗಳ ಅಂತಾರಾಷ್ಟ್ರೀಯ ಒಡಂಬಡಿಕೆಯನ್ನು ದೈನಂದಿನ ವೃತ್ತಿ ನಿರ್ವಹಣೆಯಲ್ಲಿ ಅಳವಡಿಸಿಕೊಳ್ಳುವ ಕುರಿತು ಒಂದು ದಿನದ ಸಾಮರ್ಥ್ಯವರ್ಧನಾ ಕಾರ್ಯಾಗಾರ'. ಓದಿ ಮುಗಿಸುವಷ್ಟರಲ್ಲಿ ಉಪ್ಪಿಟ್ಟು ಆರಿಹೋಗಿತ್ತು. ಪಿಡಿಒ, ಹೆಡ್ ಮೇಡಂಗಳು, ಅಂಗನವಾಡಿ ಕಾರ್ಯಕರ್ತೆಯರು, ಒಬ್ಬ ಹೆಡ್ ಕಾನ್‌ಸ್ಟೇಬಲ್, ಶಾಲೆಯ ಉಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿ ಸದಸ್ಯ ಅಂತ ನಾನು. ಎಲ್ಲರಿಗೂ ಒಂದು ಬ್ಯಾಗು, ಒಂದು ಪೆನ್ನು, ತುಂಬಿ ಕೊಡೋಕೆ ಒಂದು ನಮೂನೆ.

ಪಾಠ ಮಾಡಿದವರು ಚೆನ್ನಾಗಿಯೇ ಹೇಳಿದರು, ಸುಳ್ಳು ಹೇಳಬಾರದು. ವಿಶ್ವಸಂಸ್ಥೆಯಲ್ಲಿ ಈ ಒಡಂಬಡಿಕೆ ಆಗಿದ್ದು 1989ರ ನವೆಂಬರ್ 20ಕ್ಕೆ. ಭಾರತ ಅದಕ್ಕೆ ಸೇರಿದ್ದು 1992ರ ಡಿಸೆಂಬರ್ 11ಕ್ಕೆ. ಒಟ್ಟು 54 ವಿಧಿ. ಪಕ್ಕದಲ್ಲಿದ್ದ ಅಂಗನವಾಡಿ ಅಕ್ಕ ಮೆಲ್ಲಗೆ, "ಐವತ್ನಾಲ್ಕಾ? ನಮಗೆ ಒಂದೇ ಸಾಕಾಗಿದೆ" ಅಂತ ಹಣೆ ಮುಟ್ಟಿ ತೋರಿಸಿದರು.

ನನ್ನ ಕಿವಿ ನೆಟ್ಟಗಾಗಿದ್ದು ಇನ್ನೊಂದು ವಿಷಯಕ್ಕೆ. ಸೇರುವಾಗಲೇ ನಮ್ಮ ದೇಶ ಒಂದು ಚೀಟಿ ಅಂಟಿಸಿತ್ತಂತೆ. ಮಕ್ಕಳ ದುಡಿಮೆ ಬಗ್ಗೆ ಇರುವ 32ನೇ ವಿಧಿಯನ್ನು ಹಂತ ಹಂತವಾಗಿ ಜಾರಿಗೆ ತರ್ತೀವಿ ಅಂತ. 'ಹಂತ ಹಂತವಾಗಿ' ಅನ್ನೋದು ಬರೀ ನಮ್ಮ ಪಂಚಾಯ್ತಿಯ ಮಾತು ಅಂದುಕೊಂಡಿದ್ದೆ. ಅದು ವಿಶ್ವಸಂಸ್ಥೆವರೆಗೂ ಹೋಗಿಬಂದ ಮಾತು!

ಆಮೇಲೆ 12ನೇ ವಿಧಿ. ತನಗೆ ಸಂಬಂಧಪಟ್ಟ ವಿಷಯದಲ್ಲಿ ಮಗು ಹೇಳುವ ಮಾತನ್ನು ಕೇಳಬೇಕು, ವಯಸ್ಸು, ತಿಳಿವಳಿಕೆ ನೋಡಿ ಅದಕ್ಕೆ ತಕ್ಕ ತೂಕ ಕೊಡಬೇಕು. ತೂಕ ಅಂದರೆ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ರೇಷ್ಮೆ ಗೂಡಿನ ಮಾರುಕಟ್ಟೆಯಲ್ಲಿ ನೂರು ಗ್ರಾಂ ಆಚೀಚೆ ಆದರೂ ಜಗಳಕ್ಕೆ ನಿಲ್ಲುವ ಜನ ನಾವು. ಆದರೆ ಮಗುವಿನ ಮಾತಿಗೆ ತಕ್ಕಡಿ ಯಾವ ಇಲಾಖೆಯಲ್ಲಿದೆ ಅಂತ ಯಾರೂ ಕೇಳಲಿಲ್ಲ. ಅಷ್ಟರಲ್ಲಿ ಗುಂಪು ಚಟುವಟಿಕೆ ಶುರುವಾಗಿತ್ತು. 'ಮಗುವಿನ ಹಿತ ನಿಮ್ಮ ವೃತ್ತಿಯಲ್ಲಿ ಹೇಗೆ?' ಚಾರ್ಟ್ ಮೇಲೆ ಮರ ಬರೆದೆವು. ಬೇರಿಗೆ 'ಪ್ರೀತಿ', ಎಲೆಗೆ 'ಹಕ್ಕು'. ಹೆಡ್ ಕಾನ್‌ಸ್ಟೇಬಲ್ ಚೆಂದವಾಗಿ ನಾಲ್ಕು ಮಾವಿನಕಾಯಿ ಬಿಡಿಸಿದರು. ಕಾಯಿಗೆ ಹೆಸರಿಡುವ ಮೊದಲೇ ಊಟಕ್ಕೆ ಕರೆದರು.

ಮುಂದಿನ ವಾರ ಶಾಲೆ ಅಂಗಳದಲ್ಲಿ ಮಕ್ಕಳ ಗ್ರಾಮಸಭೆ. 31ನೇ ವಿಧಿ ಪ್ರಕಾರ ಮಕ್ಕಳಿಗೆ ಆಟ ಆಡುವ ಹಕ್ಕಿದೆ. ಅದನ್ನು ಹೇಳೋಕೆ ಬರುವ ಅತಿಥಿಗಳಿಗಾಗಿ ಎರಡು ದಿನ ಆಟದ ಪೀರಿಯಡ್‌ನಲ್ಲಿ ಸ್ವಾಗತ ಗೀತೆ ಕಲಿಸಿದ್ದರು. ಪ್ರಶ್ನೆಗಳೂ ಮೊದಲೇ ಚೀಟಿಯಲ್ಲಿ ರೆಡಿ. ನಾಲ್ಕನೇ ಕ್ಲಾಸಿನ ಹುಡುಗ ಎದ್ದು, "ನಮ್ಮ ಶಾಲೆಗೆ ಸುಸ... ಸುಜ್ಜ... ಸುಸಜ್ಜಿತ ಗ್ರಂಥಾಲಯ" ಅಂತ ಬೆವತುಹೋದ. ಚಪ್ಪಾಳೆ.

ಆಗ ಆರನೇ ಕ್ಲಾಸಿನ ಹುಡುಗಿಯೊಬ್ಬಳು ಎದ್ದಳು. ಕೈಯಲ್ಲಿ ಚೀಟಿ ಇರಲಿಲ್ಲ.

"ಸಾರ್, ನಮ್ಮ ಟಾಯ್ಲೆಟ್ಟಿಗೆ ಚಿಲಕ ಇಲ್ಲ ಸಾರ್. ಒಬ್ಬಳು ಒಳಗೆ ಹೋದ್ರೆ ಇನ್ನೊಬ್ಬಳು ಹೊರಗೆ ಬಾಗಿಲು ಹಿಡ್ಕೊಂಡು ನಿಲ್ಬೇಕು. ಜೊತೆಗೆ ಯಾರೂ ಸಿಗದಿದ್ರೆ ಮನೆಗೆ ಹೋಗೋವರೆಗೂ ತಡ್ಕೊಳ್ಳೋದೇ."

ವೇದಿಕೆ ಮೇಲೆ ಕೆಮ್ಮು. ಮೈಕು ಕೈಯಿಂದ ಕೈಗೆ ಹೋಯಿತು. ಶೌಚಾಲಯ ಕಟ್ಟಿದ್ದು ಪಂಚಾಯ್ತಿ, ಶಾಲೆ ಇರೋದು ಶಿಕ್ಷಣ ಇಲಾಖೆಗೆ, ಹಾಗಾದರೆ ಚಿಲಕ ಯಾರದ್ದು? ಶಿಕ್ಷಣ ಹಕ್ಕು ಕಾಯ್ದೆಯ ಪಟ್ಟಿಯಲ್ಲಿ ಹುಡುಗಿಯರಿಗೆ ಬೇರೆ ಶೌಚಾಲಯ ಇರಬೇಕು ಅಂತಿದೆ, ಇದೆಯಲ್ಲ ಅಂದರು ಒಬ್ಬರು. ಚಿಲಕ ಅಂತ ಬರೆದಿಲ್ಲ ನೋಡಿ. ಖಾಸಗಿತನಕ್ಕೆ 16ನೇ ವಿಧಿ ಇದೆ ಅಂತ ನಾನು ಬಾಯಿ ಹಾಕಿದೆ, ಹೊಸ ಪೆನ್ನಿನ ಉಮೇದು. ಕೊನೆಗೆ ನಡಾವಳಿಯಲ್ಲಿ ಬರೆದರು: 'ಹಂತ ಹಂತವಾಗಿ ಕ್ರಮ ವಹಿಸಲಾಗುವುದು'. ಒಂದು ಚಿಲಕದಲ್ಲಿ ಎಷ್ಟು ಹಂತ ಇರಬಹುದು? ಹಿಡಿ, ಕಡ್ಡಿ, ನಾಲ್ಕು ಸ್ಕ್ರೂ.

ಹಾರ್ಡ್‌ವೇರ್ ಅಂಗಡಿಯಲ್ಲಿ ಕೇಳಿದೆ. ಸ್ಕ್ರೂ ಸೇರಿ 80 ರೂಪಾಯಿ. ತಂದುಬಿಟ್ಟೆ. ಸ್ಕ್ರೂಡ್ರೈವರ್ ಹಿಡಿದು ಹೋದರೆ ಹೆಡ್ ಮೇಡಂ ಓಡಿಬಂದರು. "ಬೇಡ ಸಾರ್, ದಮ್ಮಯ್ಯ. ಹೊಸ ಬಾಗಿಲಿಗೆ ಎಸ್ಟಿಮೇಟ್ ಹೋಗಿದೆ. ಈಗ ಚಿಲಕ ಹಾಕಿದ್ರೆ ಫೋಟೋದಲ್ಲಿ ಬಾಗಿಲು ಸರಿಯಾಗಿದೆ ಅಂತ ಕಾಣ್ಸುತ್ತೆ. ಸ್ಯಾಂಕ್ಷನ್ ಆಗಲ್ಲ." ಅವರ ತಪ್ಪೇನಿಲ್ಲ. ನೌಕರಿ ಮಾಡಿದವರಿಗೆ ಗೊತ್ತು, ಪೂರ್ತಿ ಕೆಟ್ಟಿದ್ದಕ್ಕೆ ಮಾತ್ರ ದುಡ್ಡು ಬರೋದು. ಚಿಲಕ ಈಗಲೂ ನಮ್ಮನೆ ಟಿವಿ ಮೇಲಿದೆ.

ಈ ವರ್ಷದ ಸಭೆಗೆ ಜಿಲ್ಲೆಯಿಂದ ಅಧಿಕಾರಿ ಮೇಡಂ ಒಬ್ಬರು ಬಂದಿದ್ದರು. ಹಿಂದಿನ ಸಾಲಿನ ವರದಿ ಓದಿದರು. 'ಚಿಲಕ: ಪ್ರಗತಿಯಲ್ಲಿದೆ'. ಆ ಹುಡುಗಿ ಈಗ ಏಳನೇ ಕ್ಲಾಸು. ಈ ಸಲ ಏಳಲಿಲ್ಲ. ಅವಳಿಗೆ ಚೀಟಿ ಕೊಟ್ಟಿದ್ದರು, ಗಿಡ ನೆಡುವುದರ ಬಗ್ಗೆ.

ಭಾಷಣ ಮುಗಿಸಿ ಮೇಡಂ ಹೆಡ್ ಮೇಡಂ ಕಿವಿಯಲ್ಲಿ ಏನೋ ಕೇಳಿದರು. ಬೆಳಗ್ಗೆಯಿಂದ ಜೀಪಿನಲ್ಲಿ ತಿರುಗಿದವರು, ಪಾಪ. ಶಾಲೆಯಲ್ಲಿ ಇರೋದು ಅದೊಂದೇ. ಹೆಡ್ ಮೇಡಂ ಸುತ್ತ ನೋಡಿ ಅದೇ ಹುಡುಗಿಯನ್ನು ಕರೆದರು. ಅವಳಿಗೆ ಯಾರೂ ಏನೂ ಹೇಳಬೇಕಾಗಲಿಲ್ಲ. ಮೇಡಂ ಒಳಗೆ ಹೋದರು. ಇವಳು ಬಾಗಿಲು ಎಳೆದುಕೊಂಡು, ಅದಕ್ಕೆ ಬೆನ್ನು ಕೊಟ್ಟು ನಿಂತಳು. ಅಭ್ಯಾಸವಿದ್ದ ಕೈ.

ಮೇಡಂ ಹೊರಗೆ ಬಂದು, "ಥ್ಯಾಂಕ್ಸ್ ಪುಟ್ಟ" ಅಂತ ಅವಳ ಕೆನ್ನೆ ತಟ್ಟಿದರು. ಆಮೇಲೆ ಜೀಪ್ ಬಾನೆಟ್ ಮೇಲೆ ನಮೂನೆ ಇಟ್ಟುಕೊಂಡು ತುಂಬತೊಡಗಿದರು. ನಾನು ಪಕ್ಕದಲ್ಲೇ ನಿಂತಿದ್ದೆ, ಓದಿದೆ.

'ಮಕ್ಕಳ ಭಾಗವಹಿಸುವಿಕೆ: ಅತ್ಯುತ್ತಮ.'