ಟ್ರೈನಿಂಗ್ ಅವರಿಗೆ, ಗುಂಡಿ ನಮ್ಮದು

ಸೆಪ್ಟಿಕ್ ಟ್ಯಾಂಕ್ ಸ್ವಚ್ಛ ಮಾಡುವವರಿಗೆ ಸುರಕ್ಷತಾ ತರಬೇತಿ ಅಂದರೆ ಒಂದು ಬ್ಯಾನರ್, ಒಂದು ದೀಪ, ಅರ್ಧ ಡಜನ್ ಭಾಷಣ. ಮಧ್ಯಾಹ್ನ ಪಲಾವ್. ಆಮೇಲೆ ಒಬ್ಬರು ಗ್ಯಾಸ್ ಡಿಟೆಕ್ಟರ್ ಎತ್ತಿ ತೋರಿಸುತ್ತಾರೆ. ಅದರ ಪ್ಲಾಸ್ಟಿಕ್ ಕವರ್ ಮಾತ್ರ ಬಿಚ್ಚುವುದಿಲ್ಲ, ಪಾಪ, ಮುಂದಿನ ಊರಿನ ತರಬೇತಿಗೂ ಅದೇ ಹೋಗಬೇಕಲ್ಲ. "ಗುಂಡಿಗೆ ಇಳಿಯಬೇಡಿ" ಅಂತ ಹೇಳಿ, ಸರ್ಟಿಫಿಕೇಟ್ ಕೊಟ್ಟು, ಫೋಟೋ ತೆಗೆದು ಕಳಿಸುತ್ತಾರೆ. ಇಳಿಯುವ ಹುಚ್ಚು ಆ ಕೂತವರಿಗೆ ಯಾರಿಗೂ ಇರಲಿಲ್ಲ. ಇಳಿಸುವವರು ಆ ಸಭೆಗೆ ಬಂದೇ ಇರುವುದಿಲ್ಲ.

ಇಳಿಸುವವರು ಅಂದರೆ ನಾವೇ. ಮನೆ ಓನರ್‌ಗಳು, ಅಪಾರ್ಟ್‌ಮೆಂಟ್ ಸೆಕ್ರೆಟರಿಗಳು.

ನಮ್ಮ ಜ್ಞಾನ ಸ್ವಲ್ಪ ನೋಡಿ. ಗುಂಡಿ ಎಲ್ಲಿ ತೋಡಬೇಕು ಅಂತ ಎಂಜಿನಿಯರ್‌ನ ಯಾರೂ ಕೇಳುವುದಿಲ್ಲ, ವಾಸ್ತುದವರು ಹೇಳಿಯಾಗಿರುತ್ತೆ: ವಾಯವ್ಯಕ್ಕೆ ಸೆಪ್ಟಿಕ್ ಟ್ಯಾಂಕ್, ಈಶಾನ್ಯಕ್ಕೆ ಬೋರ್‌ವೆಲ್. ಸರಿ, 30x40 ಸೈಟುಗಳ ಸಾಲಿನಲ್ಲಿ ಎಲ್ಲರೂ ಇದನ್ನೇ ಭಕ್ತಿಯಿಂದ ಪಾಲಿಸಿದರು ಅಂದುಕೊಳ್ಳಿ. ನಿಮ್ಮ ಈಶಾನ್ಯ ಮೂಲೆ ಮುಗಿಯುವ ಕಡೆಯೇ ಪೂರ್ವದ ಮನೆಯವರ ವಾಯವ್ಯ ಮೂಲೆ ಶುರು. ನಡುವೆ ಒಂದು ಕಾಂಪೌಂಡ್ ಗೋಡೆ. ಎರಡೂ ಮನೆಗೆ ವಾಸ್ತು ಪರ್ಫೆಕ್ಟ್. ನೀರಿಗೆ ಮಾತ್ರ ಯಾವ ದಿಕ್ಕು ಅಂತ ಗೊತ್ತಾಗುವುದಿಲ್ಲ.

"ಇಪ್ಪತ್ತು ವರ್ಷ ಆಯ್ತು ಸಾರ್, ಒಂದ್ಸಲಾನೂ ತುಂಬಿಲ್ಲ" ಅಂತ ಎದೆಯುಬ್ಬಿಸುವವರಿದ್ದಾರೆ. ಸ್ವಾಮಿ, ಎರಡು ಮೂರು ವರ್ಷಕ್ಕೊಮ್ಮೆ ಹೂಳು ತೆಗೆಸಬೇಕಾದ ಟ್ಯಾಂಕ್ ಅದು. ತುಂಬಿಲ್ಲ ಅಂದರೆ ಅದಕ್ಕೆ ತಳಾನೇ ಇಲ್ಲ ಅಂತ ಅರ್ಥ. ಮೇಸ್ತ್ರಿ ನಾಲ್ಕು ರಿಂಗ್ ಇಳಿಸಿ, ಮೇಲೆ ಚಪ್ಪಡಿ ಎಳೆದು, ಟ್ಯಾಂಕ್ ಅಂತ ಬಿಲ್ ಮಾಡಿದ್ದಾನೆ. ಒಳಗಿದ್ದದ್ದು ಎಲ್ಲಿಗೆ ಹೋಯಿತು ಅನ್ನುವುದನ್ನು ಪಕ್ಕದ ಮನೆ ಬೋರ್‌ವೆಲ್ ಹೇಳಬೇಕು.

ತುಂಬುವಂಥ ಟ್ಯಾಂಕ್ ಇದ್ದವರ ಕಥೆ ಬೇರೆ. ಕಾರ್ ಪೋರ್ಚ್ ಚೆಂದ ಕಾಣಲಿ ಅಂತ ಮುಚ್ಚಳದ ಮೇಲೆ ಗ್ರಾನೈಟ್ ಹಾಕಿಸಿರುತ್ತಾರೆ. ಸಕ್ಕಿಂಗ್ ಗಾಡಿ ಬಂದಾಗ ಪೈಪ್ ಬಿಡುವುದಕ್ಕೆ ಜಾಗ ಇಲ್ಲ. ಹೇಗೋ ಒಂದು ಮೂಲೆ ಒಡೆದು ಪೈಪ್ ಬಿಟ್ಟರೆ ತಳದ ಹೂಳು ಗಟ್ಟಿಯಾಗಿ ಕೂತಿರುತ್ತೆ, ಮೇಲಕ್ಕೆ ಬರುವುದಿಲ್ಲ. ಆಗ ಓನರ್ ಮೂಗಿಗೆ ಕರ್ಚೀಫ್ ಹಿಡಿದು, ಮೂರು ಮಾರು ದೂರ ನಿಂತು ಹೇಳುವ ಮಾತು: "ಸುಮ್ನೆ ಒಂದ್ನಿಮಿಷ ಇಳಿದು ಕಲಕಿಬಿಡಪ್ಪಾ, ಐನೂರು ಜಾಸ್ತಿ ಕೊಡ್ತೀನಿ."

ಜೊತೆಗೆ ನಮ್ಮದೇ ವಿಜ್ಞಾನ ಬೇರೆ. ಗ್ಯಾಸ್ ಇದೆಯಾ ನೋಡೋಣ ಅಂತ ಕಡ್ಡಿ ಗೀರಿ ಒಳಗೆ ಹಾಕುವುದು. ಮೀಥೇನ್ ಇದ್ದರೆ ಉತ್ತರ ಬಹಳ ಜೋರಾಗಿ ಸಿಗುತ್ತೆ. ಇಲ್ಲಾಂದ್ರೆ "ಆಗಲೇ ಕೊಳೆತ ಮೊಟ್ಟೆ ವಾಸನೆ ಇತ್ತು, ಈಗ ಇಲ್ಲ, ಇಳಿ" ಅನ್ನುವುದು. ಆ ವಾಸನೆಯ ಗ್ಯಾಸ್, ಹೈಡ್ರೋಜನ್ ಸಲ್ಫೈಡ್, ಜಾಸ್ತಿಯಾದಾಗ ಮೊದಲು ಕೊಲ್ಲುವುದೇ ಮೂಗಿನ ಶಕ್ತಿಯನ್ನು. ವಾಸನೆ ನಿಂತಾಗಲೇ ಓಡಬೇಕು.

ಹೀಗೆ ಇಳಿಸುವುದನ್ನು ಮಲ ಹೊರುವ ಪದ್ಧತಿ ವಿರುದ್ಧದ 2013ರ ಕಾಯ್ದೆ ನಿಷೇಧಿಸಿದೆ. ಮೊದಲ ತಪ್ಪಿಗೇ ಎರಡು ವರ್ಷದವರೆಗೆ ಜೈಲು, ಇಲ್ಲವೇ ಎರಡು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಸತ್ತವರ ಕುಟುಂಬಕ್ಕೆ 10 ಲಕ್ಷ ಕೊಡಿ ಅಂತ 2014ರಲ್ಲಿ ಹೇಳಿದ್ದ ಸುಪ್ರೀಂ ಕೋರ್ಟ್ 2023ರಲ್ಲಿ ಅದನ್ನು 30 ಲಕ್ಷ ಮಾಡಿತು. ಪರಿಹಾರದ ರೇಟ್ ಏರಿದೆ, ಇಳಿಯುವ ರೇಟ್ ಇನ್ನೂ ಐನೂರೇ.

ಲೆಕ್ಕದಲ್ಲಂತೂ ಸರ್ಕಾರ ನಮಗಿಂತ ಜಾಣ. ಐದು ವರ್ಷಗಳಲ್ಲಿ 340 ಮಂದಿ ಒಳಚರಂಡಿ, ಸೆಪ್ಟಿಕ್ ಟ್ಯಾಂಕ್‌ಗಳಲ್ಲಿ ಸತ್ತರು ಅಂತ 2021ರ ಫೆಬ್ರವರಿಯಲ್ಲಿ ಲೋಕಸಭೆಗೆ ಉತ್ತರ ಬಂತು. ಅದೇ ವರ್ಷ ಜುಲೈನಲ್ಲಿ ಸಚಿವ ರಾಮದಾಸ್ ಅಠಾವಳೆ ರಾಜ್ಯಸಭೆಗೆ ತಿಳಿಸಿದರು: ಮಲ ಹೊರುವ ಪದ್ಧತಿಯಿಂದ ಒಂದೂ ಸಾವು ವರದಿಯಾಗಿಲ್ಲ. ಹೊರುವುದು ಬೇರೆ ಕಾಲಂ, ಇಳಿಯುವುದು ಬೇರೆ ಕಾಲಂ, ಗೊತ್ತಾಯ್ತಲ್ವಾ? 2023ರ ಕೇಂದ್ರ ಬಜೆಟ್‌ನಲ್ಲಿ ಮ್ಯಾನ್‌ಹೋಲ್‌ಗಳೆಲ್ಲ ಮಷಿನ್‌ಹೋಲ್ ಆಗಲಿವೆ, ಅಂದರೆ ಕೆಲಸ ಇನ್ನು ಮಷಿನ್‌ನದ್ದೇ, ಅಂದರು. ನಮ್ಮ ಗ್ರಾನೈಟ್ ಅಡಿಯ ಹೋಲ್‌ಗೆ ಇನ್ನೂ ಹೆಸರಿಟ್ಟಿಲ್ಲ.

ಆದ್ದರಿಂದ ಮುಂದಿನ ತರಬೇತಿ ಓನರ್‌ಗಳಿಗೇ ಆಗಲಿ. ಥಿಯರಿ ಬೇಡ, ಪ್ರಾಕ್ಟಿಕಲ್ ಪರೀಕ್ಷೆ ಸಾಕು, ಅದರಲ್ಲೂ ಒಂದೇ ಪ್ರಶ್ನೆ: ನಿಮ್ಮ ಟ್ಯಾಂಕ್‌ನ ಮುಚ್ಚಳ ಎಲ್ಲಿದೆ, ಕೈಯಿಟ್ಟು ತೋರಿಸಿ. ವಾಸ್ತುದವರಿಗೆ ಫೋನ್ ಮಾಡುವ ಹಾಗಿಲ್ಲ.