ಬಿಲ್ಲು ಕಳುಹಿಸದ ಚರಂಡಿ

ಮಳೆನೀರಿನ ಚರಂಡಿಗೆ ಒಂದು ದೊಡ್ಡ ದುರ್ಗುಣವಿದೆ: ಅದು ಪ್ರವಾಹವನ್ನು ತಡೆಯುತ್ತದೆಯೇ ಹೊರತು ಯಾರಿಗೂ ಬಿಲ್ಲು ಕಳುಹಿಸುವುದಿಲ್ಲ. ಬೀದಿಬದಿಯ ಮರವೂ ಅಂಥದ್ದೇ. ಬಂದವರಿಗೆಲ್ಲ ನೆರಳು ಕೊಡುತ್ತದೆ, ಟಿಕೆಟ್ ಕೇಳುವುದಿಲ್ಲ. ಇಂಥ ಬೇಜವಾಬ್ದಾರಿ ಯೋಜನೆಗಳನ್ನು ಹಣಕಾಸು ಪಂಡಿತರು ‘ಬ್ಯಾಂಕಬಲ್ ಅಲ್ಲ’, ಅಂದರೆ ಹಾಕಿದ ಹಣ ಲಾಭಸಮೇತ ಮರಳುವಂಥದ್ದಲ್ಲ, ಎಂದು ಪಕ್ಕಕ್ಕಿಡುತ್ತಾರೆ. ಹವಾಮಾನದ ಪೆಟ್ಟಿನಿಂದ ನಗರಗಳನ್ನು ಕಾಪಾಡುವ ಕೆಲಸವನ್ನು ಖಾಸಗಿ ಬಂಡವಾಳಕ್ಕೆ ಒಪ್ಪಿಸಲು ಸರ್ಕಾರಗಳು ಹೊರಟಿರುವುದರಿಂದ, ಮುಳುಗುತ್ತಿರುವ ನಗರವು ಈಗ ಕೈಯೆತ್ತಿ ಕೂಗಿದರೆ ಸಾಲದು. ತನ್ನನ್ನು ಮೇಲೆತ್ತಿದವರಿಗೆ ಶೇಕಡಾ ಎಷ್ಟು ಲಾಭ ಎಂಬುದನ್ನೂ ನೀರೊಳಗಿನಿಂದಲೇ ಹೇಳಬೇಕು.

ಹಣಕ್ಕೇನೂ ಬರವಿಲ್ಲ. 2021ರ ಗ್ಲಾಸ್ಗೋ ಹವಾಮಾನ ಸಮ್ಮೇಳನದಲ್ಲಿ ಬ್ಯಾಂಕುಗಳು ಮತ್ತು ಹೂಡಿಕೆ ಸಂಸ್ಥೆಗಳ ಒಕ್ಕೂಟವೊಂದು 130 ಲಕ್ಷ ಕೋಟಿ ಡಾಲರ್ ತನ್ನ ಹಿಂದಿದೆ ಎಂದು ಘೋಷಿಸಿತು. ಅದು ಸದಸ್ಯ ಸಂಸ್ಥೆಗಳ ಒಟ್ಟು ಆಸ್ತಿಯ ಲೆಕ್ಕವೇ ಹೊರತು ಹವಾಮಾನಕ್ಕೆಂದು ತೆಗೆದಿಟ್ಟ ಗಂಟಲ್ಲ ಎಂಬುದು ಸಣ್ಣಕ್ಷರದ ವಿಷಯ. ಅದೇ ಬಳಗದ ನೆಟ್-ಝೀರೊ ಬ್ಯಾಂಕಿಂಗ್ ಮೈತ್ರಿಕೂಟವಂತೂ, ಅಮೆರಿಕದಲ್ಲಿ ರಾಜಕೀಯದ ಗಾಳಿ ತಿರುಗಿದೊಡನೆ ಅಲ್ಲಿನ ದೊಡ್ಡ ಬ್ಯಾಂಕುಗಳು ಒಂದೊಂದಾಗಿ ಎದ್ದುಹೋದ ಮೇಲೆ, 2025ರ ಅಕ್ಟೋಬರಿನಲ್ಲಿ ಬಾಗಿಲು ಹಾಕಿತು. ವಚನಭಂಗವೆಂದು ದೂರುವುದು ತಪ್ಪು. ತಾವು ಸಾಲ ಕೊಟ್ಟ ಉದ್ಯಮಗಳ ಹೊಗೆಯ ನಿವ್ವಳ ಲೆಕ್ಕದಲ್ಲಿ 2050ಕ್ಕೆ ಶೂನ್ಯ ಮುಟ್ಟುವುದಾಗಿ ಹೇಳಿದ್ದವರು 25 ವರ್ಷ ಮೊದಲೇ ಮುಟ್ಟಿದ್ದಾರೆ.

ಇನ್ನು ನಗರಗಳ ಯೋಗ್ಯತೆ. ಅಭಿವೃದ್ಧಿಶೀಲ ದೇಶಗಳ 500 ದೊಡ್ಡ ನಗರಗಳಲ್ಲಿ ಅಂತರರಾಷ್ಟ್ರೀಯ ಮಾರುಕಟ್ಟೆಯ ಕಣ್ಣಿಗೆ ಸಾಲ ಪಡೆಯಲು ಅರ್ಹವಾದವು ಶೇ 4ರಷ್ಟು ಮಾತ್ರ ಎಂದು ವಿಶ್ವಬ್ಯಾಂಕ್ ಹೇಳಿತ್ತು. ಉಳಿದವುಗಳಿಗಾಗಿಯೇ ‘ಡಿ-ರಿಸ್ಕಿಂಗ್’ ಎಂಬ ಮಹಾಮಂತ್ರವಿದೆ. ಮೊದಲ ನಷ್ಟವನ್ನು ಸರ್ಕಾರ ಹೊರುತ್ತದೆ. ಕರೆನ್ಸಿ ಕುಸಿದರೆ ಆ ಹೊರೆಯೂ ಸರ್ಕಾರದ್ದು. ನಿರೀಕ್ಷಿಸಿದಷ್ಟು ಜನ ಬಸ್ಸು ಹತ್ತದಿದ್ದರೆ ಖಾಲಿ ಸೀಟಿನ ದುಡ್ಡನ್ನೂ ಖಜಾನೆಯೇ ಕಟ್ಟಿಕೊಡುತ್ತದೆ. ಹೀಗೆ ಅಪಾಯವನ್ನೆಲ್ಲ ಸೋಸಿ ತೆಗೆದ ಮೇಲೆ, ಅಪಾಯಕ್ಕೆ ಎದೆಯೊಡ್ಡುವವರೆಂದು ಹೆಸರಾದ ಹೂಡಿಕೆದಾರರು ದಯಮಾಡಿಸಿ, ಅಪಾಯಕ್ಕೆ ತಕ್ಕ ಲಾಭವನ್ನು ಕೇಳುತ್ತಾರೆ. ಅತ್ತೆಯ ಒಡವೆಯನ್ನು ಅಳಿಯ ದಾನ ಮಾಡಿದ ಗಾದೆ ನಮಗೆ ಗೊತ್ತು. ಇಲ್ಲಿ ಅಳಿಯ ಅದೇ ಒಡವೆಯನ್ನು ಅತ್ತೆಗೇ ಬಾಡಿಗೆಗೆ ಕೊಡುತ್ತಾನೆ, ಮುಂಗಡವನ್ನೂ ಪಡೆಯುತ್ತಾನೆ.

ಇದು ಉತ್ಪ್ರೇಕ್ಷೆ ಎನ್ನುವವರು ಶಿಕಾಗೋ ನಗರವನ್ನು ನೋಡಬೇಕು. 2008ರಲ್ಲಿ ಅದು ತನ್ನ ಪಾರ್ಕಿಂಗ್ ಮೀಟರುಗಳನ್ನು ಸುಮಾರು 115 ಕೋಟಿ ಡಾಲರಿಗೆ 75 ವರ್ಷಗಳ ಕಾಲ ಖಾಸಗಿ ಹೂಡಿಕೆದಾರರಿಗೆ ವಹಿಸಿತು. ಪ್ರಸ್ತಾವ ಬಂದ ಕೆಲವೇ ದಿನಗಳಲ್ಲಿ ನಗರಸಭೆ ಕೈಯೆತ್ತಿ ಒಪ್ಪಿತು. ಮರುವರ್ಷ ನಗರಾಡಳಿತದ ಮೇಲೆ ಕಣ್ಣಿಡುವ ಅಧಿಕಾರಿಯಾದ ಇನ್‌ಸ್ಪೆಕ್ಟರ್ ಜನರಲ್ ಲೆಕ್ಕ ಹಾಕಿ, ಸುಮಾರು 97 ಕೋಟಿ ಡಾಲರ್ ಕಡಿಮೆಗೆ ಕೊಟ್ಟಿದ್ದೀರಿ ಎಂದರು. ಅದಕ್ಕಿಂತ ಸೊಗಸಾದದ್ದು ಒಪ್ಪಂದದ ಒಳಗಿದೆ: ಹೊಗೆ ತಗ್ಗಿಸಲೆಂದು ಸೈಕಲ್ ಪಥಕ್ಕೋ ಬಸ್ ಪಥಕ್ಕೋ ನಗರವು ಮೀಟರಿನ ಜಾಗವನ್ನು ತೆಗೆದುಕೊಂಡರೆ, ಅಷ್ಟೇ ಗಳಿಕೆಯ ಬೇರೆ ಜಾಗವನ್ನು ತೋರಿಸಬೇಕು, ಇಲ್ಲವೇ ಅಲ್ಲಿ ನಿಲ್ಲದೆ ಹೋದ ಕಾರುಗಳ ಶುಲ್ಕವನ್ನು ತಾನೇ ತುಂಬಬೇಕು.